ಬೆಂಗಳೂರಿನ ಮೂಗಿನ ನೇರಕ್ಕೆ ಲೇಹ್!

ಮೊನ್ನೆ ರಾತ್ರಿ ಊರುಗಳ ರೇಖಾಂಶ ನೋಡುತ್ತಾ ಕೂತಿದ್ದೆ. ಬೆಂಗಳೂರು, 77.59 ಡಿಗ್ರಿ ಪೂರ್ವ. ಹಾಗೇ ಮೇಲೆ ಮೇಲೆ ಹೋಗುತ್ತಾ ಲಡಾಖ್‌ನ ಲೇಹ್ ಮುಟ್ಟಿದೆ. 77.58! ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದೆ. ಹೌದು, ಅದೇ!

ಲೇಹ್ ಅಂದರೆ ದೇಶದ ಯಾವುದೋ ಮೂಲೆ ಅಂದುಕೊಂಡಿದ್ದೆನಲ್ಲ, ಅದು ನಮ್ಮ ಗೆರೆಯ ಮೇಲೇ ಇದೆ. ವಿಧಾನಸೌಧದ ಎದುರಿನಿಂದ ಉತ್ತರಕ್ಕೆ ಹೊರಟು, ಎಡಕ್ಕೂ ಬಲಕ್ಕೂ ವಾಲದೆ ಸುಮಾರು 2,350 ಕಿ.ಮೀ. ಸಾಗಿದರೆ ಸಿಗುವುದು ಅದೇ ಊರು. ನಡುಮಧ್ಯಾಹ್ನವಾಗುವುದೂ ಎರಡೂ ಕಡೆ ಒಂದೇ ಗಳಿಗೆಯಲ್ಲಿ!

ರಸ್ತೆಯಲ್ಲಿ ಹೋದರೆ ದೂರ 3,000 ಕಿ.ಮೀ. ದಾಟುತ್ತದೆ. ವಿಮಾನದಲ್ಲಿ? ದೆಹಲಿಗೆ ಎರಡೂಮುಕ್ಕಾಲು ಗಂಟೆ, ಅಲ್ಲಿಂದ ಲೇಹ್‌ಗೆ ಹೆಚ್ಚೆಂದರೆ ಒಂದೂವರೆ ಗಂಟೆ. ದೆಹಲಿ–ಲೇಹ್ ಆಕಾಶಮಾರ್ಗ 620 ಕಿ.ಮೀ. ಅಷ್ಟೇ, ಮನಾಲಿಯ ಮೇಲಿನ ರಸ್ತೆ ಹಿಡಿದರೆ ಸುಮಾರು ಸಾವಿರ. ಚಳಿಗಾಲದಲ್ಲಿ ಹಿಮ ಬಿದ್ದರೆ ಆ ದಾರಿಯೂ ಮುಚ್ಚುತ್ತದೆ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಏಳುವುದರಿಂದ ಲೇಹ್ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಬಂದು ಹೋಗುತ್ತವೆ.

ನನ್ನನ್ನು ಮೂಕನನ್ನಾಗಿಸಿದ್ದು ಇಳಿಯುವ ಹೊತ್ತಿನ ವಿಚಿತ್ರ. ಲೇಹ್ ನಿಲ್ದಾಣ ಇರುವುದು 3,256 ಮೀಟರ್ ಎತ್ತರದಲ್ಲಿ. ಹಾರುವಾಗ ಕ್ಯಾಬಿನ್ನಿನೊಳಗೆ ಕಾಯ್ದಿಡುವುದು ಹೆಚ್ಚೆಂದರೆ 2,400 ಮೀಟರ್ ಎತ್ತರದ ಗಾಳಿ. ಹಾಗಾಗಿ ವಿಮಾನ ಕೆಳಗಿಳಿಯುತ್ತಿದ್ದರೆ ಒಳಗಿನ ಗಾಳಿ ನಿಲ್ದಾಣದ ಗಾಳಿಯಷ್ಟು ತೆಳುವಾಗುತ್ತಾ ಬೆಟ್ಟ ಹತ್ತುತ್ತಿರುತ್ತದೆ! ಬೇರೆ ಊರುಗಳಲ್ಲಿ ಇಳಿಯುವಾಗ ಚಿಪ್ಸ್ ಪೊಟ್ಟಣದ ಉಬ್ಬು ತಗ್ಗುತ್ತದೆ. ಇಲ್ಲಿ ಚಕ್ರ ನೆಲ ಮುಟ್ಟುವ ಹೊತ್ತಿಗೆ ಅದು ಇನ್ನಷ್ಟು ಉಬ್ಬಿ, ಬೆರಳಿಂದ ತಟ್ಟಿದರೆ ಪುಟ್ಟ ತಮಟೆಯ ಹಾಗೆ ಬಿಗಿಯಾಗಿರುತ್ತದೆ.

ಇಂಥ ಜಾಗಕ್ಕೆ ಮೊದಲು ವಿಮಾನ ಇಳಿಸಿದವರನ್ನು ನೆನೆಯಿರಿ. 1948ರ ಮೇ 24. ಲಡಾಖಿ ಎಂಜಿನಿಯರ್ ಸೋನಮ್ ನೋರ್ಬು ಸ್ಥಳೀಯರನ್ನು ಕಟ್ಟಿಕೊಂಡು ಸಿಂಧೂ ಕಣಿವೆಯಲ್ಲಿ ಹಸನು ಮಾಡಿದ ಮಣ್ಣಿನ ಪಟ್ಟಿ. ಅದರ ಮೇಲೆ ಡಕೋಟಾ ವಿಮಾನ ಇಳಿಸಿದವರು ವಾಯುಪಡೆಯ ಮೆಹರ್ ಸಿಂಗ್. ಆ ವಿಮಾನಕ್ಕೆ ಗಾಳಿಯ ಒತ್ತಡ ಕಾಯುವ ಕ್ಯಾಬಿನ್ನೇ ಇರಲಿಲ್ಲ! ಅದರಲ್ಲಿ ಕೂತು ಬಂದವರು ಯಾರು ಗೊತ್ತೇ? ನಮ್ಮ ಮಡಿಕೇರಿಯ ಕೊಡವ, ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ! ಇದನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತಿದೆ.

ನೀವೂ ಹೋಗಿ, ಖಂಡಿತ ಹೋಗಿ. ಆದರೆ ಮೂರು ಸಾವಿರ ಮೀಟರನ್ನು ಒಂದೂವರೆ ಗಂಟೆಯಲ್ಲಿ ಏರಿದ ಮೈಗೆ ಹೊಂದಿಕೊಳ್ಳಲು ದಿನಗಳೇ ಬೇಕು. ಇಳಿದ ಮೊದಲ ಎರಡು ದಿನ ಎಲ್ಲಿಗೂ ಓಡಬೇಡಿ. ನೀರು ಕುಡಿದು ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಿ.