ಮೂಕಜೀವದ ಬೇನೆ, ಮನೆಯವರ ಧರ್ಮ

ಮಧುಮೇಹವುಳ್ಳ ಬೆಕ್ಕು ದಿನಕ್ಕೆರಡು ಬಾರಿ ಇನ್ಸುಲಿನ್ ಪಡೆದರೂ ಸೊರಗುತ್ತಿದೆ. ಕ್ಯಾನ್ಸರ್ ಇರಬಹುದೆಂದು ಪಶುವೈದ್ಯರು ಶಂಕಿಸಿದ್ದಾರೆ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಮನೆಯವರು ಮಾತ್ರ ಆಗಲೇ ಅದನ್ನು ಕಳೆದುಕೊಂಡಂತೆ ಕೊರಗುತ್ತಿದ್ದಾರೆ.

ಪ್ರಿಯವಾದುದರ ಅಗಲಿಕೆಯನ್ನೇ ಮರಮರಳಿ ಚಿಂತಿಸುವುದು ಜೈನಧರ್ಮದ ಪ್ರಕಾರ ಇಷ್ಟವಿಯೋಗಜವೆಂಬ ಆರ್ತಧ್ಯಾನ. ಅದು ಕರ್ಮಬಂಧಕ್ಕೆ ಕಾರಣ. ರೋಗಿಗೆ ಅದರಿಂದ ಉಪಕಾರವಿಲ್ಲ. ಜೀವಗಳ ಸ್ವಭಾವವೇ ಪರಸ್ಪರ ಉಪಕಾರವೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಆಶ್ರಿತ ಪ್ರಾಣಿಗೆ ಅನ್ನಪಾನ ತಪ್ಪಿಸುವುದನ್ನು ಅದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದೆಂದು ಎಣಿಸಿದೆ.

ಬೆಕ್ಕು ಆಹಾರ ಬಿಟ್ಟಾಗ ಎಂದಿನಷ್ಟೇ ಇನ್ಸುಲಿನ್ ಕೊಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ಅದು ತಿಂದುದನ್ನು ಗಮನಿಸುವುದು, ವೈದ್ಯರನ್ನು ಕೇಳಿ ಔಷಧ ಕೊಡುವುದು, ಬಳಿ ಕುಳಿತು ನೇವರಿಸುವುದು ಇಂದಿನ ಧರ್ಮ. ನಾಳೆಯ ಫಲಿತಾಂಶವೇನೇ ಇರಲಿ, ಸಮಭಾವದಿಂದ ಮಾಡಿದ ಈ ಸೇವೆ ವ್ಯರ್ಥವಾಗದು.