ಜಾಲತಾಣದ ಹೊರೆ ಇಳಿಸುವ ಬಗೆ

ಪರೀಕ್ಷೆಯ ಫಲಿತಾಂಶವನ್ನೋ ಮಳೆಯ ಮುನ್ಸೂಚನೆಯನ್ನೋ ಅರಸಿ ಹಳ್ಳಿಯ ವಾಚಕನು ಜಾಲತಾಣವೊಂದನ್ನು ತೆರೆಯುತ್ತಾನೆ. ಪುಟ ಮೂಡುವಷ್ಟರಲ್ಲಿ ಅವನ ತಾಳ್ಮೆಯೂ ತೀರುತ್ತದೆ, ಹಣ ತೆತ್ತು ಕೊಂಡ ಡೇಟಾವೂ ಕರಗುತ್ತದೆ. ಈ ವಿಳಂಬಕ್ಕೆ ಬಹುಮಟ್ಟಿಗೆ ಬರಹವು ಕಾರಣವಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ 3 ಬೈಟುಗಳು. ಸಾವಿರ ಚಿಹ್ನೆಗಳ ಲೇಖನಕ್ಕೆ 3 ಕಿಲೋಬೈಟು ಸಾಕು. ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರವಾದರೋ ಒಂದೇ 3 ಮೆಗಾಬೈಟು ತೂಗುವುದುಂಟು. ಅಂಥ ಸಾವಿರ ಲೇಖನಗಳ ಭಾರ!

ಆದುದರಿಂದ ಮೊದಲು ಚಿತ್ರವನ್ನು ಪರದೆಯಲ್ಲಿ ಕಾಣುವಷ್ಟೇ ಅಗಲಕ್ಕೆ ಕಿರಿದುಗೊಳಿಸಬೇಕು. ಗೂಗಲ್ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ವೆಬ್‌ಪಿ ರೂಪಕ್ಕೆ ಪರಿವರ್ತಿಸಬೇಕು. ಕೆಳಭಾಗದ ಚಿತ್ರಗಳು ವಾಚಕನು ಅಲ್ಲಿಗೆ ತಲುಪುವ ಹೊತ್ತಿಗೆ ಬಂದರಾಯಿತು. ಬದಲಾಗದ ಲಾಂಛನ, ಅಕ್ಷರಶೈಲಿಗಳನ್ನು ಬ್ರೌಸರು ತನ್ನಲ್ಲೇ ಕಾದಿರಿಸುವಂತೆ ಸೂಚಿಸಿದರೆ, ಎರಡನೆಯ ಭೇಟಿಯಲ್ಲಿ ಅವನ್ನು ಮರಳಿ ತರಿಸುವ ಶ್ರಮವಿಲ್ಲ.

ಬಂದ ಅತಿಥಿಯನ್ನು ಹೊಸ್ತಿಲಲ್ಲಿ ಕಾಯಿಸದಿರುವುದೇ ಮೊದಲನೆಯ ಸತ್ಕಾರವಲ್ಲವೆ?