ಹಳ್ಳಿಗೆ ಕುಡಿಯುವ ನೀರು ಬಂದ ಬಗೆ

ಕರ್ನಾಟಕದ ಬಯಲುಸೀಮೆಯ ಹಳ್ಳಿಗಳಲ್ಲಿ ಕೆರೆಯ ನೀರು ಹೆಚ್ಚಾಗಿ ಗದ್ದೆಗೆ, ದನಕರುಗಳಿಗೆ. ಕುಡಿಯಲು ಸಿಹಿನೀರಿನ ಬಾವಿಯನ್ನೇ ಹುಡುಕಬೇಕಿತ್ತು. ಅದಕ್ಕೆ ಊರಬಾವಿ ಎಂಬ ಹೆಸರಿದ್ದರೂ ಅದು ಊರಿಗೆಲ್ಲ ಸೇರಿದ್ದಾಗಿರಲಿಲ್ಲ. ದಲಿತರು ಅದಕ್ಕೆ ಕೊಡ ಇಳಿಸುವಂತಿರಲಿಲ್ಲ. ಯಾರಾದರೂ ಸೇದಿ ಹೊಯ್ಯುವವರೆಗೆ ಕೇರಿಯ ಹೆಂಗಸರು ದೂರ ನಿಂತು ಕಾಯಬೇಕು, ಇಲ್ಲವೇ ಹಳ್ಳದ ಮರಳಿನಲ್ಲಿ ಒರತೆ ತೋಡಿಕೊಳ್ಳಬೇಕು.

ಉತ್ತರ ಕರ್ನಾಟಕದ ಹಲವೆಡೆ ಇದ್ದದ್ದು ಮೆಟ್ಟಿಲು ಬಾವಿ. ಜನ ನೀರಿಗಿಳಿದೇ ಕೊಡ ತುಂಬುತ್ತಿದ್ದರು. ನಾರುಹುಣ್ಣು ಹಬ್ಬಿದ್ದು ಇಲ್ಲಿಂದ. ಹುಣ್ಣಾದ ಕಾಲು ನೀರಿಗೆ ತಾಗಿದೊಡನೆ ಒಳಗಿನ ಹುಳು ಮರಿಗಳನ್ನು ಬಿಡುತ್ತದೆ. ಆ ಮರಿಗಳನ್ನು ನುಂಗಿದ ಸೈಕ್ಲಾಪ್ಸ್ ಎಂಬ ಚಿಕ್ಕ ಜೀವಿ ನೀರಿನ ಜೊತೆ ಇನ್ನೊಬ್ಬರ ಹೊಟ್ಟೆ ಸೇರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಮೊಳಕ್ಕೂ ಉದ್ದದ ಹುಳು ಚರ್ಮ ಸೀಳಿಕೊಂಡು ಹೊರಬರುತ್ತದೆ. ಲಸಿಕೆಯಾಗಲಿ ಔಷಧವಾಗಲಿ ಇಲ್ಲದ ಈ ರೋಗವನ್ನು ಓಡಿಸಿದ್ದು ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿದ್ದು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದದ್ದು, ಕೊಳವೆಬಾವಿ ಕೊರೆದದ್ದು. 1996ರ ನಂತರ ಭಾರತದಲ್ಲಿ ಒಂದು ಪ್ರಕರಣವೂ ಕಂಡಿಲ್ಲ.

ಕೊಳವೆಬಾವಿಯ ಜೊತೆ ಕರ್ನಾಟಕದ ಜನ ನೆನೆಯುವ ಹೆಸರು ಅಬ್ದುಲ್ ನಜೀರ್ ಸಾಬ್ ಅವರದು. 1980ರ ದಶಕದ ಬರಗಾಲದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಯಲ್ಲೂ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡರು. ಅದರ ಮೇಲೆ ನಿಂತದ್ದು ಯುನಿಸೆಫ್ ನೆರವಿನಿಂದ ರೂಪುಗೊಂಡ ‘ಇಂಡಿಯಾ ಮಾರ್ಕ್ 2’ ಕೈಪಂಪು, ಜನರ ಬಾಯಲ್ಲಿ ‘ಬೋರಿಂಗು’. 250 ಜನಕ್ಕೊಂದು ಪಂಪು, ತಲೆಗೆ ದಿನಕ್ಕೆ 40 ಲೀಟರ್ ಎಂಬುದು ಆಗಿನ ರಾಷ್ಟ್ರೀಯ ಲೆಕ್ಕ. ಊರಬಾವಿಯ ಕಟ್ಟುಪಾಡು ಇದರಿಂದ ಮುರಿಯಲಿಲ್ಲ, ನಿಜ. ಆದರೆ ಕೇರಿಯೊಳಗೇ ಪಂಪು ಬಂದಲ್ಲಿ ಒಂದು ಕೊಡ ನೀರಿಗಾಗಿ ಇನ್ನೊಬ್ಬರ ದಯೆಗೆ ಕಾಯುವುದು ತಪ್ಪಿತು. ಈ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ.

ಕರೆಂಟು ಮೋಟಾರು ಬಂದ ಮೇಲೆ ತೊಂಬೆ, ಓವರ್‌ಹೆಡ್ ಟ್ಯಾಂಕ್, ಬೀದಿ ನಲ್ಲಿಗಳು ಬಂದವು. ನೀರು ಬಿಡುವ ಕೆಲಸ ಪಂಚಾಯಿತಿಯ ವಾಟರ್‌ಮ್ಯಾನ್‌ಗೆ ಸೇರಿತು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್, ತಲೆಗೆ 55 ಲೀಟರ್‌ನಂತೆ ಪ್ರತಿ ಮನೆಗೂ ನಲ್ಲಿ ನೀರಿನ ಗುರಿ ಇಟ್ಟುಕೊಂಡಿತು.

ಈ ನಡುವೆ ಅಂತರ್ಜಲ ಕುಸಿದು ಕೊಳವೆಬಾವಿಗಳು ಇನ್ನಷ್ಟು ಆಳಕ್ಕಿಳಿದವು. ಗ್ರಾನೈಟ್ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಹೆಚ್ಚಿ ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ. ಫ್ಲೋರೈಡ್ ಕಾಟದ ಪಾವಗಡ ತಾಲ್ಲೂಕಿಗೆ ಕೊನೆಗೆ ತುಂಗಭದ್ರಾ ಹಿನ್ನೀರನ್ನೇ ಪೈಪಿನಲ್ಲಿ ತರುವ ಬಹುಗ್ರಾಮ ಯೋಜನೆ ಬೇಕಾಯಿತು.